ನ್ಯೂಟ್ರಲ್ಲಿಗೆ ಬಾರದ ಗೇರು

ಹೊಂಬಳದ ನೀಲಪ್ಪನ ಮನೆಯ ಬಚ್ಚಲಿಗೆ ಮೊದಲಿನಿಂದಲೂ ನಾಲ್ಕು ಗೋಡೆಗಳಿದ್ದವು. ಭಾದ್ರಪದದ ಒಂದು ಬುಧವಾರ ಬೆಳಿಗ್ಗೆ ಅವು ಮೂರಾದವು. ಊರಿನ ಚರಿತ್ರೆ ಬರೆಯುವವರು ಮುಂದೆ ಯಾರಾದರೂ ಹುಟ್ಟಿದರೆ ಈ ಸಂಗತಿಯನ್ನು ಬಿಟ್ಟು ಬರೆಯುವಂತಿಲ್ಲ. ಒಂದು ಮಣ್ಣಿನ ಗೋಡೆ ಬಿದ್ದದ್ದಕ್ಕೆ ಇಷ್ಟು ದೊಡ್ಡ ಮಾತೇ ಎನ್ನುವವರಿಗೆ ಉತ್ತರ ಸಣ್ಣದು: ಗೋಡೆ ಬಿದ್ದಾಗ ನೀಲಪ್ಪ ಒಳಗಿದ್ದ.

ತಲೆಗೆ ಸಾಬೂನು ಹಚ್ಚಿಕೊಂಡು ಕಣ್ಣು ಮುಚ್ಚಿದ್ದ. ಧಡಾರನೆ ಸಪ್ಪಳವಾಯಿತೆಂದು ಕಣ್ಣು ತೆರೆದರೆ ಎದುರಿಗೆ ತನ್ನದೇ ಟ್ರ್ಯಾಕ್ಟರಿನ ಮೂತಿ. ಅದರ ಸೀಟಿನ ಮೇಲೆ ಸೊಸೆ ಚನ್ನಮ್ಮ. ಅವಳ ಬೆನ್ನ ಹಿಂದೆ, ಹಿತ್ತಲ ಬೇಲಿಯಾಚೆ, ಡೇರಿಗೆ ಹಾಲು ಹಾಕಲು ಹೊರಟಿದ್ದ ಅರ್ಧ ಓಣಿ. ನೀಲಪ್ಪ ಕೈಯಲ್ಲಿದ್ದ ತಂಬಿಗೆಯನ್ನು ಹಿಡಿಯಬೇಕಾದಲ್ಲಿ ಹಿಡಿದುಕೊಂಡ.

"ಮಾವಾರ, ಚಾಲೂ ಮಾಡೂವಾಗ ಗೇರ ನ್ಯೂಟ್ರಲ್ಲಿಗೇ ಇತ್ತರಿ!" ಚನ್ನಮ್ಮ ಕೂಗಿದಳು.

"ನ್ಯೂಟ್ರಲ್ಲಿಗೆ ಇದ್ದಿದ್ದರ ಇಲ್ಲಿಗ್ಯಾಕ ಬರ್ತಿತ್ತ ಅದು? ಜಳಕಾ ಮಾಡಾಕ?"

ಒಳಗಿನಿಂದ ಓಡಿ ಬಂದ ನೀಲಪ್ಪನ ಹೆಂಡತಿ ಕಳಕವ್ವ ಗೋಡೆ ನೋಡಿದಳು, ಗಂಡನನ್ನು ನೋಡಿದಳು, ಸೊಸೆಯನ್ನು ನೋಡಿದಳು. ನೋಡಿ, "ಬೀರಪ್ಪ ಕಾದ," ಎಂದು ಮನೆದೇವರಿಗೆ ಕೈ ಮುಗಿದಳು. "ಇನ್ನೊಂದ ಮಾರ ಮುಂದ ಬಂದಿದ್ದರ ಏನ ಗತಿ?"

"ಮದಲ ಒಂದ ಟಾವೆಲ್ ತಾ. ಆಮ್ಯಾಲೆ ಬೀರಪ್ಪ," ಎಂದ ನೀಲಪ್ಪ.

ಆ ಟ್ರ್ಯಾಕ್ಟರನ್ನು ಮೊದಲು ನೀಲಪ್ಪನೇ ಹೊಡೆಯುತ್ತಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಮಗ ಬೀರಲಿಂಗನಿಗೆ ಬಿಡಬೇಕೆಂದಿದ್ದ. ಆದರೆ ಬೀರಲಿಂಗನಿಗೆ ಮುಂಡರಗಿ ಕಡೆ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಾಯುವ ನೌಕರಿ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ, ಬಂದು ಮಲಗುತ್ತಿದ್ದ. ಚನ್ನಮ್ಮ ತವರು ಹಿರೇವಡ್ಡಟ್ಟಿಯಲ್ಲಿ ಅಪ್ಪನ ಟ್ರ್ಯಾಕ್ಟರ್ ಹೊಡೆದು ಬೆಳೆದವಳು. ಹೋದ ವರ್ಷ ಒಂದು ದಿನ ಯಾರನ್ನೂ ಕೇಳದೆ ಹತ್ತಿ ಹೊಲಕ್ಕೆ ಹೋಗಿ ಬಂದಳು. ಈಗ ತಮ್ಮ ಹೊಲದ ಜೊತೆಗೆ ಓಣಿಯವರ ಹೊಲವನ್ನೂ ಬಾಡಿಗೆಗೆ ಹರಗುತ್ತಿದ್ದಳು. ಕಳೆ ತೆಗೆಯಲು ಹೋಗುವ ಹೆಂಗಸರು ಅವಳ ಟ್ರ್ಯಾಲಿಯಲ್ಲೇ ಕೂತು ಹೋಗುತ್ತಿದ್ದರು.

ಇದನ್ನು ನೀಲಪ್ಪ ಸಹಿಸಿಕೊಂಡಿದ್ದ, ಕಳಕವ್ವ ಸಹಿಸಿಕೊಂಡಿರಲಿಲ್ಲ. "ಸೀರಿ ಸೆರಗ ಗಾಲ್ಯಾಗ ಸಿಕ್ಕರ ಏನ ಮಾಡ್ತಿ? ಬೀಗರಿಗೆ ಏನ ಹೇಳಬೇಕ ನಾವು?" ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು. ಚನ್ನಮ್ಮ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಸೆರಗನ್ನು ಅದರೊಳಗೆ ಸಿಗಿಸಿ, ಗಾಡಿ ಚಾಲೂ ಮಾಡುತ್ತಿದ್ದಳು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ನೀಲಪ್ಪ ತೀರ್ಪು ಕೊಟ್ಟ. ಎದುರಿಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ.

"ಇವತ್ತಿಂದ ಕೀಲಿ ನನ್ನ ಹಂತೇಕ. ಇಷ್ಟ ವರ್ಷ ನಾ ಹೊಡದೆ, ಗೇರ ಒಂದ ದಿನ ತಕರಾರ ಮಾಡಲಿಲ್ಲ. ನೀ ಹತ್ತಿದಿ, ವರ್ಷ ತುಂಬೂದರಾಗ ಕೆಟ್ಟಿತು. ಇದಕ್ಕ ಪಂಚರನ್ನ ಕರಸಬೇಕೇನು?"

"ಗೇರ ಬಿಗಿ ಬರಾಕತ್ತೈತಿ ಅಂತ ಹೋದ ತಿಂಗಳನ ಹೇಳಿದ್ನೆಲ್ರಿ ಮಾವಾರ. ಕೋಲ ನಡುವ ಬಂದ ನಿಂತಂಗ ಕಾಣತೈತಿ. ಒಳಗ ಗೇರ ಬಿಟ್ಟಿರಂಗಿಲ್ಲ."

"ನೀ ಹೇಳಿದ್ದಿ. ನಾ ಸಾಬೂನ ಹಚ್ಚಿಕೊಂಡಾಗ ಹೇಳಿದ್ದಿಲ್ಲ."

ಕೀಲಿಯನ್ನು ಅವನು ಉಡದಾರಕ್ಕೆ ಕಟ್ಟಿಕೊಂಡ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಪಲ್ಯದ ಕಡೆ ಕಣ್ಣು ಹೋಯಿತು.

"ಎಣ್ಣಿ ಯಾಕ ಕಾಣವಲ್ದು ಇದರಾಗ?"

"ಡಬ್ಬಿ ತಳ ಕಂಡೈತಿ," ಎಂದಳು ಚನ್ನಮ್ಮ.

"ಇಷ್ಟ ಜಲ್ದಿ? ನಮ್ಮ ಹೊಲದ ಕುಸುಬಿ, ಗದಗಿನ ಗಾಣದಾಗ ಹಿಂಡಿಸಿ ತಂದದ್ದು. ಎರಡ ತಿಂಗಳ ಬರ್ತಿತ್ತದು. ಗಾಡಿ ಮ್ಯಾಲೂ ಕೈ ಭಾರ, ಒಲಿ ಮುಂದೂ ಕೈ ಭಾರ!"

ಅಡಿಗೆಮನೆಯ ಇಂಥ ಆರೋಪ ಬಂದಾಗ ಕಳಕವ್ವ ತಾನೂ ಎರಡು ಮಾತು ಕೂಡಿಸುವುದು ಆ ಮನೆಯ ಪದ್ಧತಿ. ಅಂದು ಅವಳು ಬಗ್ಗಿ ರೊಟ್ಟಿ ಮುರಿಯುತ್ತ ಕೂತಳು. ಯಾರೂ ಅದನ್ನು ಲಕ್ಷ್ಯಕ್ಕೆ ತಗೊಳ್ಳಲಿಲ್ಲ.

ಬಿದ್ದ ಗೋಡೆಯ ಜಾಗಕ್ಕೆ ಕಳಕವ್ವನ ಒಂದು ಹಳೆಯ ಸೀರೆ ಬಂತು. ಗಾಳಿ ಬೀಸಿದಾಗ ಸೀರೆ ಹಾರುತ್ತಿತ್ತು, ನೀಲಪ್ಪ ಬೈಯುತ್ತಿದ್ದ, ಬೇಲಿಯಾಚೆಯಿಂದ ಯಾರಾದರೊಬ್ಬರು "ಜಳಕಾ ಆತೇನ್ರಿ ನೀಲಪ್ಪಣ್ಣ?" ಎಂದು ಕ್ಷೇಮ ವಿಚಾರಿಸುತ್ತಿದ್ದರು.

ಹೊಲದ ಕೆಲಸ ನಿಲ್ಲುವಂತಿರಲಿಲ್ಲ. ಹಿಂಗಾರಿ ಮಳೆ ಬಿದ್ದರೆ ಕಡಲೆ ಬಿತ್ತಬೇಕು, ಅದಕ್ಕಿಂತ ಮೊದಲು ಹೊಲ ಹರಗಿ ಇಡಬೇಕು. ನೀಲಪ್ಪ ಮೇಲಿನ ಓಣಿಯ ಯಂಕಪ್ಪನನ್ನು ದಿನಗೂಲಿಗೆ ಹಚ್ಚಿದ. ಯಂಕಪ್ಪ ಮೀಸೆ ತಿರುವುತ್ತ ಹತ್ತಿದ. ಮರುದಿನ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯಲು ಇಳಿದು, ತಿರುಗಿ ಹತ್ತಿ ಚಾಲೂ ಮಾಡಿದ್ದೇ ಗಾಡಿ ಜಿಗಿದು ಚಹದಂಗಡಿಯ ಬೆಂಚು ಮುರಿಯಿತು. ಬೆಂಚಿನ ಮೇಲೆ ಕೂತಿದ್ದವರು ಅದಕ್ಕಿಂತ ಮೊದಲೇ ಜಿಗಿದಿದ್ದರು. ಯಂಕಪ್ಪ ಕೀಲಿಯನ್ನು ಚೇಳು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ತಂದು ಕಟ್ಟೆಯ ಮೇಲಿಟ್ಟ.

"ನೀಲಪ್ಪಣ್ಣ, ನಾಕ ಮಕ್ಕಳ ಅದಾವ ನನಗ."

"ಕೆಡಿಸಿದಾಕಿ ಕೆಡಿಸಿಟ್ಟಾಳ. ಇನ್ನ ಯಾರ ಹೊಡದರೂ ಹಂಗ," ಎಂದ ನೀಲಪ್ಪ.

ಚನ್ನಮ್ಮ ಒಳಗೆ ಹಿಟ್ಟು ನಾದುತ್ತಿದ್ದಳು. ಆವತ್ತಿನ ರೊಟ್ಟಿಗಳ ಸಪ್ಪಳ ಮೂರು ಮನೆಯಾಚೆ ಕೇಳಿಸಿತು.

ಭಾನುವಾರ ಬೀರಲಿಂಗ ಬಂದ. ಬಂದವನು ಗಾಡಿಯ ಹತ್ತಿರ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ಮೊಬೈಲು ತೆಗೆದ.

"ಅಪ್ಪಾ, ಗುಡ್ಡದ ಮ್ಯಾಲೆ ಕೂತ ಎಲ್ಲಾ ವಿಡಿಯೋ ನೋಡೀನಿ. ಹಿಂದೀಯಾಗ ಹೇಳ್ಯಾರ. ಸಿಂಕ್ರೊನೈಸರ್ ಹೋಗೈತಿ."

"ಅದ ಎಲ್ಲಿರ್ತೈತಿ?"

"ಅದನ್ನ ಮುಂದಿನ ವಿಡಿಯೋದಾಗ ತೋರಸ್ತಾರಂತ."

"ಲೇ, ಫ್ಯಾನ್ ಕಾಯೋ ಮಗನ, ನನ್ನ ಗಾಡೀ ರೋಗಾ ಆ ಹಿಂದೀ ಮನಿಶ್ಯಾಗ ಹೆಂಗ ತಿಳೀತು?"

ಊಟವಾದ ಮೇಲೆ ಚನ್ನಮ್ಮ ಪಾತ್ರೆ ತಿಕ್ಕುತ್ತ ಗಂಡನನ್ನು ಹಿಡಿದಳು. "ನೀವರ ಒಂದ ಮಾತ ಹೇಳ್ರಿ. ಗೇರ ನಾ ಕೆಡಿಸೀನೇನು?"

"ನಾ ಏನ ಹೇಳಲಿ? ನಾ ಇಲ್ಲಿ ಇದ್ದಿಲ್ಲ."

"ಇದ್ದಾಗರ ಎಲ್ಲಿ ಇದ್ದಂಗ ಇರ್ತೀರಿ ನೀವು?"

ಬೀರಲಿಂಗ ಸಂಜೆಯ ಬಸ್ಸಿನ ಬದಲು ಮಧ್ಯಾಹ್ನದ ಬಸ್ಸಿಗೇ ಹೋದ. ಗಾಳಿಯಂತ್ರಗಳು ತಿರುಗಿ ಮಾತನಾಡುವುದಿಲ್ಲ ಎಂಬುದು ಆ ನೌಕರಿಯ ಸುಖ.

ಮುಂದಿನ ವಾರ ನೀಲಪ್ಪ ಬಸ್ಸು ಹಿಡಿದು ಗದಗಿನ ಒಂದು ದೊಡ್ಡ ಗ್ಯಾರೇಜಿಗೆ ಹೋಗಿ ಕೇಳಿಕೊಂಡು ಬಂದ. ಗೇರ್‌ಬಾಕ್ಸನ್ನು ಪೂರ್ತಿ ಇಳಿಸಬೇಕು, ಬಿಚ್ಚಬೇಕು, ಸಾಮಾನು ಬರುವ ತನಕ ಕಾಯಬೇಕು ಎಂದರಂತೆ. ಆಗುವ ಖರ್ಚನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಒಂದು ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿದದ್ದರಿಂದ ಎಲ್ಲರೂ ಅಂದಾಜು ಮಾಡಿಕೊಂಡರು.

"ಮಾರಿಬಿಡೂನು," ಎಂದ. "ಹೆಂಗಿದ್ದದ್ದ ಹಂಗ ಕೊಟ್ಟಬಿಡೂನು. ಬಿತ್ತಾಕ ಬಾಡಿಗಿ ಗಾಡಿ ಹಚ್ಚಿದರಾತು."

ಅಂದಿನಿಂದ ಚನ್ನಮ್ಮ ಮಾವನ ತಾಟಿಗೆ ಎರಡು ರೊಟ್ಟಿ ಹಾಕಿ ಒಳಗೆ ಹೋಗತೊಡಗಿದಳು. "ಇನ್ನೊಂದ ಹಾಕಲೇನ್ರಿ ಮಾವಾರ?" ಎಂಬ ಮಾತು ಆ ಮನೆಯಿಂದ ಎದ್ದುಹೋಯಿತು. ನೀಲಪ್ಪ ಮೂರನೆಯ ರೊಟ್ಟಿಯ ಮನುಷ್ಯ. ಕೇಳಿ ಹಾಕಿಸಿಕೊಂಡರೆ ಮಾನ ಹೋಗುತ್ತದೆ, ಕೇಳದಿದ್ದರೆ ಹೊಟ್ಟೆ ತುಂಬುವುದಿಲ್ಲ. ಕೆಲವು ದಿನ ಮಾನ ಕಾಯ್ದುಕೊಂಡು ತೆಳ್ಳಗಾದ.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮೊದಲು ಮಳೆ ಬಿತ್ತು, ಚೆನ್ನಾಗಿಯೇ ಬಿತ್ತು. ಇನ್ನು ಹದ ಆರುವ ಮೊದಲು ಬಿತ್ತನೆಯಾಗಬೇಕು. ಬಾಡಿಗೆ ಗಾಡಿಯವರು ಹತ್ತು ಜನರಿಗೆ ಮಾತು ಕೊಟ್ಟಿದ್ದರು, ನೀಲಪ್ಪ ಹನ್ನೊಂದನೆಯವನು. ಆಗ ಕಳಕವ್ವ ಬಾಯಿ ಬಿಟ್ಟಳು.

"ಬೆಟಗೇರಿ ರಹಮಾನಸಾಬಗ ತೋರಸಬಾರದೇನು? ಅವರಪ್ಪ ನಮ್ಮ ತವರಮನಿ ನೀರಿನ ಎಂಜಿನ್ ರಿಪೇರಿ ಮಾಡತಿದ್ದ. ಮಾರೂದಕ್ಕಿಂತ ಮದಲ ಒಂದ ಮಾತ ಕೇಳ್ರಿ."

"ಒಯ್ಯಾವರ ಯಾರು? ಯಂಕಪ್ಪ ಒಲ್ಲೆ ಅಂತಾನ, ನನಗ ಮೊಣಕಾಲ ಇಲ್ಲ."

ಕಳಕವ್ವ ಸೊಸೆಯ ಕಡೆ ನೋಡಿದಳು. ನೀಲಪ್ಪ ಉಡದಾರ ಮುಟ್ಟಿಕೊಂಡ.

"ಒಂದ ದಿನದ ಮಟ್ಟಿಗೆ," ಎಂದ.

ಹಾಗೆ ಮರುದಿನ ಚನ್ನಮ್ಮ ಗಾಡಿ ಹೊಡೆದಳು, ನೀಲಪ್ಪ ಊರುವ ಬಡಿಗೆ ಹಿಡಿದು ಮಡ್‌ಗಾರ್ಡಿನ ಮೇಲೆ ಕೂತ. ಹೊಂಬಳದಿಂದ ಬೆಟಗೇರಿಯವರೆಗೆ "ಕ್ಲಚ್ ಒತ್ತು," "ಸಾವಕಾಶ," "ಎಮ್ಮಿ ಬಂತ ನೋಡು" ಎಂದು ಅವನು ಆಡಿದ ಮಾತೆಲ್ಲ ಎಂಜಿನ್ನಿನ ಸಪ್ಪಳದಲ್ಲಿ ಹೋಯಿತು. ಚನ್ನಮ್ಮ ಕ್ಲಚ್ ಒತ್ತದೆ ಗಾಡಿ ಚಾಲೂ ಮಾಡುವುದನ್ನು ಬಚ್ಚಲಿನ ದಿನವೇ ಬಿಟ್ಟಿದ್ದಳು.

ರಹಮಾನಸಾಬನದು ಮನೆಯ ಮುಂದೆಯೇ ಗ್ಯಾರೇಜು. ದಪ್ಪ ಮನುಷ್ಯ, ಕೈಗಿಂತ ಬಾಯಿ ಚುರುಕು. ಗೇರಿನ ಕೋಲನ್ನು ಎರಡು ಸಲ ಅಲ್ಲಾಡಿಸಿ, "ಕ್ಲಚ್ ಪ್ಲೇಟ್," ಎಂದ. ಕ್ಲಚ್ ಸರಿಯಿತ್ತು. "ಹಂಗಾರ ಒಳಗಿನ ಫೋರ್ಕ್ ಮಣಿದಿರಬೇಕು. ಇಪ್ಪತ್ತ ವರ್ಷದ ಸರ್ವಿಸ್ ನಂದು, ಕಣ್ಣ ಮುಚ್ಚಿ ಹೇಳ್ತೀನಿ."

"ಕಣ್ಣ ತಗದ ನೋಡಿ ಹೇಳ್ರಿ ಅಣ್ಣಾರ," ಎಂದಳು ಚನ್ನಮ್ಮ. "ಕೋಲಿನ ಬುಡದಾಗ ಬಿಗಿ ಐತಿ. ಒಳಗಲ್ಲ."

ರಹಮಾನಸಾಬ ಕೋಲಿನ ಬುಡದ ಬೋಲ್ಟು ಬಿಚ್ಚುತ್ತ ಕೇಳಿದ: "ಇದರ ಮ್ಯಾಲಿನ ರಬ್ಬರ್ ಟೊಪ್ಪಿಗಿ ಎಲ್ಲಿ? ಧೂಳ ಹೋಗಬಾರದಂತ ಕಂಪನಿಯವರು ಹಾಕಿರ್ತಾರಲ್ಲ?"

ನೀಲಪ್ಪ ರಸ್ತೆಯ ಕಡೆ ನೋಡಿದ. ಚನ್ನಮ್ಮ ಅವನ ಬಡಿಗೆಯ ಕಡೆ ನೋಡಿದಳು. ಬಡಿಗೆ ಜಾರಬಾರದೆಂದು ತುದಿಗೆ ಒಂದು ಕರಿಯ ರಬ್ಬರನ್ನು ತಂತಿಯಿಂದ ಬಿಗಿದಿತ್ತು. ದಿನಾ ಕಸ ಗುಡಿಸುವಾಗ ಅದರ ಗುರುತನ್ನು ಅವಳು ನೆಲದ ಮೇಲೆ ನೋಡುತ್ತಿದ್ದಳು. ಅದು ಎಲ್ಲಿಂದ ಬಂತೆಂದು ಯೋಚಿಸಿರಲಿಲ್ಲ. ಈಗ ರಹಮಾನಸಾಬನೂ ಅಲ್ಲಿಗೇ ನೋಡಿದ.

"ಸ್ವಲ್ಪ ಹರಿದಿತ್ತಪಾ," ಎಂದ ನೀಲಪ್ಪ. "ಅಲ್ಲಿ ಸುಮ್ಮನ ಕುಂತಿತ್ತು."

ಕೋಲು ಸುಲಭಕ್ಕೆ ಹೊರಬರಲಿಲ್ಲ. ಅದರ ನಡುವೆ ಲಿಂಬೆಹಣ್ಣಿನ ಗಾತ್ರದ ಕಬ್ಬಿಣದ ಗುಂಡು ಇರುತ್ತದೆ. ಅದು ಬಟ್ಟಲಿನಂಥ ಒಂದು ಕುಣಿಯಲ್ಲಿ ಕೂತು ಎಲ್ಲ ಕಡೆ ಹೊರಳಬೇಕು, ಕೈ ಬಿಟ್ಟರೆ ಸ್ಪ್ರಿಂಗು ಅದನ್ನು ನಡುವಿಗೆ ತರಬೇಕು. ಇಲ್ಲಿ ಗುಂಡು, ಕುಣಿ, ಸ್ಪ್ರಿಂಗು ಮೂರೂ ಒಂದಾಗಿದ್ದವು. ಸುತ್ತಿಗೆಯ ಏಟು ಬಿದ್ದ ಮೇಲೆ ಹೊರಬಂದ ಗುಂಡಿನ ಮೇಲೆ ಬೆಲ್ಲದ ಬಣ್ಣದ ಗಟ್ಟಿ ಪದರು. ರಹಮಾನಸಾಬ ಡೀಸೆಲ್ಲಿನಲ್ಲಿ ಅದ್ದಿ ತಿಕ್ಕಿದ, ಹೋಗಲಿಲ್ಲ.

"ಇದ ಗ್ರೀಸ್ ಅಲ್ಲ. ಏನ ತಿನಿಸೀರಿ ಇದಕ್ಕ?"

ಚನ್ನಮ್ಮ ಗುಂಡನ್ನು ಇಸಿದುಕೊಂಡು ಉಗುರಿನಿಂದ ಕೆರೆದಳು, ಮೂಗಿಗೆ ಹಿಡಿದಳು. ಆ ಅಂಟು ಅವಳಿಗೆ ಗೊತ್ತಿತ್ತು. ದೇವರ ಜಗುಲಿಯ ದೀಪಗಳಿಗೆ ಹತ್ತಿ, ಹಬ್ಬ ಬಂದಾಗಲೆಲ್ಲ ಅವಳ ತೋಳು ನೋಯಿಸುತ್ತಿದ್ದ ಅಂಟು ಅದು. ಕುಸುಬೆ ಎಣ್ಣೆ ಒಣಗಿದರೆ ಹೀಗೆಯೇ ಕಟ್ಟುವುದು.

"ಕುದಿಯೂ ನೀರು, ಅರಿವಿ ಒಗಿಯೂ ಸೋಡಾ ಸಿಗತೈತೇನ್ರಿ?"

ರಹಮಾನಸಾಬನ ಹೆಂಡತಿ ಅಮೀನಬಿ ಒಳಗಿನಿಂದ ಬೋಗುಣಿಯಲ್ಲಿ ಎರಡನ್ನೂ ತಂದಳು. ಗುಂಡು ನೀರಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ನೀರು ಕೆಂಪಗಾಗತೊಡಗಿತು; ನೋಡನೋಡುತ್ತ ಕುಂಕುಮ ಕಲಸಿದಂತಾಯಿತು.

"ಯಾ ಅಲ್ಲಾ, ರಕ್ತ!" ಎಂದು ರಹಮಾನಸಾಬ ಹಿಂದೆ ಸರಿದ.

"ಇಪ್ಪತ್ತ ವರ್ಷದ ಸರ್ವಿಸ್," ಎಂದಳು ಅಮೀನಬಿ. "ಅರಿಷಿಣ ಅದು. ಸೋಡಾ ಬಿದ್ದರ ಕೆಂಪ ಆಗತೈತಿ. ಒಂದ ಮದುವಿ ಅರಿವಿ ಒಗದಿದ್ದರ ನಿನಗೂ ತಿಳೀತಿತ್ತು."

ಗಾಡಿಯ ಮೇಲೆ ಅರಿಸಿನ ಎಂದರೆ ಬೀರಪ್ಪನ ಪೂಜೆಯ ಭಂಡಾರ. ಎಣ್ಣೆ ಎಂದರೆ ಮನೆಯ ಡಬ್ಬಿ. ಎರಡೂ ಇರುವ ಕೈ ಆ ಮನೆಯಲ್ಲಿ ಒಂದೇ. ಮಾವ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಬಚ್ಚಲಿನ ದಿನದಿಂದ ಇದೇ ಮೊದಲು.

"ನಿಮ್ಮತ್ತಿ," ಎಂದ ನೀಲಪ್ಪ ಮೆಲ್ಲಗೆ.

ಚನ್ನಮ್ಮ ನಾರಿನಿಂದ ತಿಕ್ಕಿದಳು, ಕುಣಿಯನ್ನು ರಹಮಾನಸಾಬ ಕೆರೆದ. ಹೊಸ ಸ್ಪ್ರಿಂಗು, ಹೊಸ ಗ್ರೀಸು, ಹೊಸ ರಬ್ಬರ್ ಟೊಪ್ಪಿಗೆ ಬಿದ್ದವು. ಸಂಜೆಯ ಚಹಾಕ್ಕೆ ಮೊದಲೇ ಕೆಲಸ ಮುಗಿಯಿತು. "ನಾ ಮದಲ ಹೇಳಿದ್ನೆಲ್ಲ, ಸಣ್ಣ ಕೆಲಸ," ಎಂದ ರಹಮಾನಸಾಬ.

ತಿರುಗಿ ಬರುವಾಗ, ಊರು ಒಂದಿಷ್ಟು ದೂರವಿದ್ದಂತೆ, ನೀಲಪ್ಪ ಗಾಡಿ ನಿಲ್ಲಿಸಲು ಹೇಳಿದ.

"ನಿಮ್ಮತ್ತಿ ಮುಂದ ಇದನ್ನ ತಗಿಯೂದು ಬ್ಯಾಡವಾ. ದೇವರ ವಿಷಯ. ನೊಂದಕೋತಾಳ."

"ಹೇಳಲಿಲ್ಲಂದ್ರ ಮಾನೌಮಿ ಖಂಡಿಪೂಜಿಗೆ ಮತ್ತ ಎಣ್ಣಿ ಎರೀತಾರ."

"ಹೌದಲ್ಲ."

"ಮತ್ತ, ಗೇರ ಯಾರ ಕೆಡಿಸಿದರಂತ ಊರಿಗೆ ಏನ ಹೇಳ್ತೀರಿ ಮಾವಾರ?"

ನೀಲಪ್ಪ ಬಡಿಗೆಯ ತುದಿಯನ್ನು ಕಾಲಿನ ಹಿಂದಕ್ಕೆ ಸರಿಸಿಕೊಂಡ. "ಗಾಡಿ ಹೊಡಿ, ಹೊತ್ತ ಮುಣಗತೈತಿ."

ರಾತ್ರಿ ಊಟಕ್ಕೆ ಕೂತಾಗ ಅವನು ದೂರದಿಂದ ಶುರು ಮಾಡಿದ. ಕಬ್ಬಿಣದ ಸ್ವಭಾವ ಹೇಳಿದ, ಎಣ್ಣೆಗಳಲ್ಲಿ ಬೇರೆಬೇರೆ ಜಾತಿ ಇರುವುದನ್ನು ಹೇಳಿದ, ಭಕ್ತಿ ಮನಸ್ಸಿನಲ್ಲಿದ್ದರೆ ಸಾಕು ಎಂಬಲ್ಲಿಗೆ ಬಂದ. ಕಳಕವ್ವ ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು.

"ಗೇರಿಗೆ ಎಣ್ಣಿ ಎರದೀನೋ ಇಲ್ಲೋ ಅಂತ ಕೇಳಾಕತ್ತೀರೇನು? ಎರದೀನಿ. ಭಂಡಾರನೂ ಹಾಕೀನಿ. ಏನೀಗ?"

"ಎಂದಿನಿಂದ?"

"ನೀವ ಹೊಡಿಯೂವಾಗ ವರ್ಷಕ್ಕೊಮ್ಮೆ, ಖಂಡಿಪೂಜಿಗೆ. ಈಕಿ ಹತ್ತಿದ ಮ್ಯಾಲೆ ಅಮಾಸಿಗೊಮ್ಮೆ, ಸ್ವಾಮಾರಕ್ಕೊಮ್ಮೆ. ಬಚ್ಚಲ ಬಿದ್ದ ಮ್ಯಾಲೆ ದಿನಾ."

"ನನಗ ವರ್ಷಕ್ಕೊಮ್ಮೆ ಸಾಕಾಗಿತ್ತೇನು?"

"ನಿಮಗ ಸಾಕಾಗಿತ್ತು. ಕೂತೀರಲ್ಲ ಗಟ್ಟಿಮುಟ್ಟ," ಎಂದಳು ಕಳಕವ್ವ. "ಈಕಿ ಮಂದಿ ಮನಿ ಮಗಳು. ಬ್ಯಾಡಂದ್ರ ಕೇಳಾಕಿ ಅಲ್ಲ. ಏನರ ಆಗಿದ್ದರ ಹಿರೇವಡ್ಡಟ್ಟಿಗೆ ಹೋಗಿ ಯಾವ ಮಾರಿ ತೋರಸಬೇಕಾಗಿತ್ತ ನಾನು?"

ಚನ್ನಮ್ಮನಿಗೆ ನಗು ಬಂತು. ಅದರ ಹಿಂದೆಯೇ ಇನ್ನೇನೋ ಬಂತು. ಒಲೆಯ ಹೊಗೆಯ ನೆಪ ಮಾಡಿ ಆ ಕಡೆ ತಿರುಗಿದಳು.

ಸೊಸೆ ಹತ್ತಿದ ಮೇಲೆಯೇ ಗೇರು ಕೆಟ್ಟಿತು ಎಂಬ ನೀಲಪ್ಪನ ವಾದ ಹೀಗೆ ಪೂರ್ತಿ ನಿಜವಾಗಿತ್ತು. ಅದರಿಂದ ಅವನಿಗೆ ಯಾವ ಲಾಭವೂ ಆಗಲಿಲ್ಲ.

"ಆ ಎಣ್ಣಿನ ಗಟ್ಟಿ ಆಗಿ ಗೇರ ಹಿಡಕೊಂಡಿತ್ತಂತ," ಎಂದ ಅವನು, ಹೆಂಡತಿ ಅಳುವುದನ್ನು ಕಾಯುತ್ತ.

ಕಳಕವ್ವ ಅಳಲಿಲ್ಲ. "ಮದಲ ಹೇಳಬಾರದೇನು? ಗೇರಿಗೆ ಬ್ಯಾಡಂದ್ರ ಮುಂದ ಮೂತಿಗೆ ಎರೀತೀನಿ. ಬೀರಪ್ಪ ಗೇರಿನ್ಯಾಗನ ಕುಂಡ್ರತೀನಿ ಅಂತ ಹೇಳ್ಯಾನೇನು? ಖರೆ, ಒಂದ ಮಾತ ಕೇಳ್ತೀನಿ. ಅಷ್ಟ ವರ್ಷ ಎರದರೂ ಒಳಗ ಇಳೀದ ಎಣ್ಣಿ ಈಗ್ಯಾಕ ಇಳೀತು?"

ಚನ್ನಮ್ಮ ಗೋಡೆಗೆ ಒರಗಿಸಿದ್ದ ಬಡಿಗೆಯನ್ನು ತಂದು ಅತ್ತೆಯ ಮುಂದೆ, ತುದಿ ಕಾಣುವಂತೆ ಇಟ್ಟಳು.

"ಗೇರಿನ ಟೊಪ್ಪಿಗಿರಿ ಅತ್ತಿ. ಮಾವಾರು ಬಡಿಗಿಗಂತ ಬಿಚ್ಚಿಕೊಂಡಾರ."

ಆಮೇಲೆ ಕಳಕವ್ವ ಆಡಿದ ಮಾತುಗಳು ಉದ್ದವಾಗಿದ್ದವು. ಅವುಗಳಲ್ಲಿ ನೀಲಪ್ಪನ ತಂದೆಯವರ ಕಾಲದ ಸಂಗತಿಗಳೂ ಇದ್ದವು. ಮುಗಿದ ಮೇಲೆ ಚನ್ನಮ್ಮ ಕೇಳಿದಳು:

"ಇನ್ನೊಂದ ರೊಟ್ಟಿ ಹಾಕಲೇನ್ರಿ ಮಾವಾರ?"

"ಹಾಕವಾ," ಎಂದ ನೀಲಪ್ಪ, ಬಹಳ ಸಣ್ಣ ದನಿಯಲ್ಲಿ. ನಾಲ್ಕು ತಿಂದ.

ಬಿತ್ತನೆ ಏನಿದ್ದರೂ ಖಂಡಿಪೂಜೆಯಾದ ಮೇಲೆಯೇ ಎಂದು ಕಳಕವ್ವ ಹಟ ಹಿಡಿದಳು. ನಡುವೆ ಇನ್ನೊಂದು ಮಳೆ ಬಂದು ಅವಳ ಪಕ್ಷ ವಹಿಸಿತು. ಮಾನೌಮಿಯ ದಿನ ಟ್ರ್ಯಾಕ್ಟರನ್ನು ತೊಳೆದು, ಕಬ್ಬು, ಚೆಂಡು ಹೂವು ಕಟ್ಟಿ ಅಂಗಳದಲ್ಲಿ ನಿಲ್ಲಿಸಿದರು. ಬೀರಲಿಂಗನೂ ಬಂದಿದ್ದ. ಕಳಕವ್ವ ಗಾಡಿಯ ಮೂತಿಗೆ ಧಾರಾಳವಾಗಿ ಎಣ್ಣೆ ಎರೆದು ಭಂಡಾರ ಹಚ್ಚಿದಳು. ಓಣಿಯವರು ಪ್ರಸಾದಕ್ಕೆಂದು ಸೇರಿದ್ದರು; ಗೇರಿನ ಸುದ್ದಿ ಅರ್ಧಂಬರ್ಧ ಕೇಳಿದ್ದವರು ಉಳಿದರ್ಧಕ್ಕೆಂದು ಸೇರಿದ್ದರು. ಯಂಕಪ್ಪ ಮುಂದೆ ಬಂದ.

"ನೀಲಪ್ಪಣ್ಣ, ಗಾಡಿ ನೆಟ್ಟಗಾತಂತಲ್ಲ. ಬಿತ್ತಾಕ ನಾ ಬರಬೇಕೇನು?"

ಚನ್ನಮ್ಮ ಆರತಿಯ ತಟ್ಟೆ ಹಿಡಿದು ನಿಂತಿದ್ದಳು, ತಲೆ ಎತ್ತಲಿಲ್ಲ. ಬೆಟಗೇರಿಯಿಂದ ಬಂದ ರಾತ್ರಿ ಕೀಲಿ ತಿರುಗಿ ಉಡದಾರಕ್ಕೆ ಹೋಗಿತ್ತು. ಒಂದು ದಿನದ ಮಟ್ಟಿಗೆ ಎಂದರೆ ಒಂದೇ ದಿನ.

ನೀಲಪ್ಪ ಉಡದಾರಕ್ಕೆ ಕೈ ಹಾಕಿದ. ಗಂಟು ಬಿಗಿಯಾಗಿತ್ತು. ಎಲ್ಲರೆದುರು ಧೋತರ ಸಡಿಲಿಸುವಂತಿರಲಿಲ್ಲ. ಬಡಿಗೆ ಊರುತ್ತ, ಜಾರುತ್ತ, ಬಚ್ಚಲಿನ ಸೀರೆಯ ಹಿಂದೆ ಹೋದ. ಆ ಬಡಿಗೆಗೆ ಈಗ ರಬ್ಬರಿರಲಿಲ್ಲ. ಕಳಕವ್ವ ಕಿತ್ತು ತಿಪ್ಪೆಗೆ ಎಸೆದಿದ್ದಳು. ಅವನು ಹೊರಬಂದದ್ದು ಸ್ವಲ್ಪ ತಡವಾಗಿ, ಕೈಯಲ್ಲಿ ಕೀಲಿಯೊಂದಿಗೆ. ಅದನ್ನು ಆರತಿಯ ತಟ್ಟೆಯಲ್ಲಿಟ್ಟ.

"ಬಿತ್ತೂದು ಈಕಿ," ಎಂದ. "ಗೇರ ಈಕಿಯಿಂದ ಕೆಟ್ಟಿದ್ದಿಲ್ಲ."

"ಮತ್ತ ಯಾರಿಂದರಿ?"

"ಒಬ್ಬಾಕಿ ಎಣ್ಣಿ ಎರದ್ಲು. ಒಬ್ಬಾಂವ ಟೊಪ್ಪಿಗಿ ಬಿಚ್ಚಿದ. ಇಬ್ಬರೂ ಹಿರಿಯರು. ಹೆಸರ ಬ್ಯಾಡ."

"ಹೆಸರ ಹೇಳೂದೇನ ಬ್ಯಾಡ ಬಿಡ್ರಿ," ಎಂದಳೊಬ್ಬಳು, ಬಚ್ಚಲಿನ ದಿನ ಡೇರಿಗೆ ಹಾಲು ಹಾಕಲು ಹೊರಟಿದ್ದವಳು. "ಒಬ್ಬರನ್ನ ನಾವ ಪೂರಾ ನೋಡೀವಿ."

ನಗು ಇಳಿಯುವ ತನಕ ಕಾದು ಚನ್ನಮ್ಮ ಗಾಡಿ ಹತ್ತಿದಳು. ಗೇರನ್ನು ಮುಂದಕ್ಕೆ ಹಾಕಿದಳು, ಹಿಂದಕ್ಕೆ ತಂದಳು, ಕೈ ಬಿಟ್ಟಳು. ಕೋಲು ಟಕ್ಕೆಂದು ನಡುವಿಗೆ ಬಂದು ಸಡಿಲವಾಗಿ ನಿಂತಿತು. ಮತ್ತೊಮ್ಮೆ ಮಾಡಿ ತೋರಿಸಿದಳು. ಬೀರಲಿಂಗ ಅದನ್ನು ಮೊಬೈಲಿನಲ್ಲಿ ಹಿಡಿದ. ಗಾಡಿಯ ಮುಂದೆ ನಿಂತಿದ್ದ ಯಂಕಪ್ಪ ಮಾತ್ರ ಪಕ್ಕಕ್ಕೆ ಸರಿದ.

ಕಡಲೆಯನ್ನು ಆ ವಾರ ಚನ್ನಮ್ಮನೇ ಬಿತ್ತಿದಳು. ದೀಪಾವಳಿಯ ನೀರು ತುಂಬುವ ಹೊತ್ತಿಗೆ ಬಚ್ಚಲಿಗೆ ನಾಲ್ಕನೆಯ ಗೋಡೆ ಎದ್ದಿತ್ತು.